ಹಳೆಯ ಹೆಸರನ್ನು ಅಳಿಸಬೇಡಿ
(ಚೋರನೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾವು ಕೂಡಿಟ್ಟ ಕಾನೂನು ಪ್ರಶ್ನೋತ್ತರಗಳನ್ನು ಒಕ್ಕೂಟದ ಹುಡುಗಿಯರು ಅಂತರ್ಜಾಲದಲ್ಲಿ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಸಾಗಿಸುತ್ತಿದ್ದಾರೆ. ‘ಅದು ಕಂಪ್ಯೂಟರಿನವರ ಕೆಲಸ, ನಮಗೇಕೆ?’ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಅದಕ್ಕೇ ಈ ಮಾತು.

ವರದಕ್ಷಿಣೆ ಕಿರುಕುಳ ಎಂದೊಡನೆ ನಮ್ಮ ನಾಲಿಗೆಗೆ ಬರುವುದು 498-ಎ. 1983ರಲ್ಲಿ ಅದು ದಂಡ ಸಂಹಿತೆಗೆ ಸೇರಿತು; ಅದರ ಹಿಂದೆ ಮಹಿಳೆಯರ ಬೀದಿ ಹೋರಾಟವಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಅದೀಗ ಕಲಂ 85 ಮತ್ತು 86 ಆಗಿದೆ. ವರದಕ್ಷಿಣೆ ಸಾವಿನ 304-ಬಿ ಈಗ ಕಲಂ 80. ಅಪರಾಧ ಅದೇ, ಶಿಕ್ಷೆಯೂ ಅದೇ, ವಿಳಾಸ ಮಾತ್ರ ಬೇರೆ. ಆದರೆ ರಾತ್ರಿ ಏಟು ತಿಂದು, ಬಚ್ಚಲಲ್ಲಿ ಕೂತು ಮೊಬೈಲಿನಲ್ಲಿ ಹುಡುಕುವವಳಿಗೆ 85 ಗೊತ್ತಿಲ್ಲ. ಅವಳು 498 ಎಂದೇ ಕೇಳುತ್ತಾಳೆ. ಹೊಸ ಪುಟದಲ್ಲಿ ಹಳೆಯ ಅಂಕಿ ಅಳಿಸಿಹೋಗಿದ್ದರೆ ನಮ್ಮ ಉತ್ತರ ಎಲ್ಲೋ ಕೆಳಗೆ ಬೀಳುತ್ತದೆ. ಅಷ್ಟು ಕೆಳಗೆ ಇಳಿದು ನೋಡುವ ಪುರುಸೊತ್ತು ಅವಳಿಗೆಲ್ಲಿ? ಎರಡೂ ಅಂಕಿ ಇರಲಿ. 2024ರ ಜುಲೈಗೆ ಮುಂಚಿನ ಕೃತ್ಯಗಳಿಗೆ ಹಳೆಯ ಕಲಮೇ ಅನ್ವಯಿಸುತ್ತದೆ ಎಂಬುದನ್ನೂ ಮರೆಯಬೇಡಿ.

ಹುಡುಕುವ ಯಂತ್ರ ಪ್ರತಿ ಪುಟವನ್ನೂ ಅದರ ವಿಳಾಸದಿಂದ ನೆನಪಿಡುತ್ತದೆ. ಬೇರೆಯವರು ತಮ್ಮ ಪುಟಗಳಿಂದ ನಮ್ಮ ಪುಟಕ್ಕೆ ದಾರಿ ತೋರಿಸಿದ್ದರೆ ಅದನ್ನು ಸಾಕ್ಷಿಯಂತೆ ಎಣಿಸುತ್ತದೆ. ಹೇಳದೆ ಕೇಳದೆ ಮನೆ ಬದಲಿಸಿದರೆ ಆ ಸಾಕ್ಷಿಯೆಲ್ಲ ಬೀಗ ಹಾಕಿದ ಬಾಗಿಲಲ್ಲೇ ಉಳಿಯುತ್ತದೆ. ಆದ್ದರಿಂದ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಾನಾಗಿ ಕಳಿಸುವ ಏರ್ಪಾಡು ಮಾಡಬೇಕು. ತಂತ್ರಜ್ಞರು ಇದನ್ನು 301 ಎನ್ನುತ್ತಾರೆ. ಮನೆ ಬದಲಿಸಿದವರು ಅಂಚೆಯಣ್ಣನಿಗೆ ಹೇಳಿಬರುವುದಿಲ್ಲವೇ, ಹಾಗೆ. ಒಂದೊಂದು ಪ್ರಶ್ನೆಯ ಹಳೆಯ ಪುಟವೂ ಅದೇ ಪ್ರಶ್ನೆಯ ಹೊಸ ಪುಟಕ್ಕೆ ಹೋಗಬೇಕು. ಎಲ್ಲರನ್ನೂ ಮುಖಪುಟಕ್ಕೆ ತಂದು ಬಿಟ್ಟರೆ ಅದು ಸಂತೆಯಲ್ಲಿ ಕೈಬಿಟ್ಟಂತೆ. ಕನಿಷ್ಠ ಒಂದು ವರ್ಷ ಈ ಏರ್ಪಾಡು ಉಳಿಯಲಿ ಎಂದು ಗೂಗಲ್ಲೇ ಹೇಳುತ್ತದೆ. ಮೊದಲ ಕೆಲವು ವಾರ ನಾವು ಹಿಂದೆ ಬೀಳಬಹುದು, ಗಾಬರಿ ಬೇಡ.

ಇಷ್ಟು ಹುಡುಗಿಯರ ಕೆಲಸ. ಇನ್ನು ಮುಂದಿನದು ನಿಮ್ಮದು.

ಪುಟದ ತಲೆಬರಹ ‘ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ 2005’ ಎಂದಿದೆ. ನಿಮ್ಮಲ್ಲಿ ಯಾರಾದರೂ ಹೀಗೆ ಮಾತಾಡುತ್ತೀರಾ? ‘ಗಂಡ ಹೊಡೀತಾನ, ಏನ್ ಮಾಡಬೇಕು’, ‘ತವರಿನ ಬಂಗಾರ ವಾಪಸ್ ಸಿಗತೈತೇನು’ ಎಂದು ತಾನೇ ಕೇಳುವುದು? ಆ ಮಾತುಗಳನ್ನು ಬರೆದುಕೊಡಿ. ಅಧಿನಿಯಮದ ಹೆಸರು ಒಳಗಿರಲಿ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬಳ್ಳಾರಿ, ಹೊಸಪೇಟೆ ಎಂದೇ ಬರೆಯಬೇಕೆಂದಾಯಿತು. ಆದರೂ ಬೆಲ್ಲಾರಿ, ಹಾಸ್ಪೆಟ್ ಎಂದು ಹುಡುಕುವವರು ಇದ್ದೇ ಇದ್ದಾರೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯಾಯಿತು, ನಮ್ಮ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಯಾವ ಜಿಲ್ಲೆಯ ಕಚೇರಿಗೆ ಹೋಗಬೇಕೆಂದು ತಾಲ್ಲೂಕಿನ ಹೆಸರು ಹಿಡಿದು ಬರೆಯಿರಿ, ಬಸ್ ಚಾರ್ಜು ಉಳಿಯುತ್ತದೆ. ನುಡಿಯ ಹಳೆಯ ಅಕ್ಷರದಲ್ಲಿ ಟೈಪಾದ ಕರಪತ್ರಗಳನ್ನು ಯುನಿಕೋಡಿಗೆ ಬದಲಿಸದಿದ್ದರೆ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುವುದಿಲ್ಲ.

ಕೊನೆಯದು, ನನ್ನ ನಿದ್ದೆ ಕೆಡಿಸಿದ್ದು. ಸುಲಭವಾಗಿ ಸಿಗುವ ಪುಟ ಅತ್ತೆ ಮನೆಯವರಿಗೂ ಸಿಗುತ್ತದೆ. ಸಾಗಿಸುವ ಮುನ್ನ ಪ್ರಶ್ನೆ ಕೇಳಿದವಳ ಹೆಸರು, ಊರು, ಮಕ್ಕಳ ವಯಸ್ಸು ತೆಗೆದುಹಾಕಿ. ಹಳೆಯ ಹೆಸರು ಉಳಿಸಿ ಎಂದೆನಲ್ಲ, ಅದು ಕಾನೂನಿನ ಹೆಸರು, ಊರಿನ ಹೆಸರು, ಹೆಣ್ಣುಮಗಳ ಹೆಸರಲ್ಲ. ಹುಡುಕಿದ್ದು ಅವಳ ಫೋನಿನಲ್ಲೂ ಉಳಿದಿರುತ್ತದೆ, ಗಂಡ ತೆರೆದು ನೋಡಬಹುದು. ಅಪಾಯವಿದ್ದರೆ ಹುಡುಕುತ್ತಾ ಕೂರದೆ 112 ಒತ್ತಲಿ. ಊಟದ ಮೇಲೆ ಫೋನ್ ತನ್ನಿ, ಹುಡುಕಿದ್ದನ್ನು ಅಳಿಸುವುದು ಹೇಗೆಂದು ಒಬ್ಬೊಬ್ಬರಿಗೂ ತೋರಿಸುತ್ತೇನೆ.