ನಿಮ್ಮ ಫೋನಿನದು ಎಷ್ಟನೇ ಆವೃತ್ತಿ?

(ಸಂಘದ ವಾರ್ಷಿಕ ವಿದ್ಯಾರ್ಥಿ-ಪೋಷಕರ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲಿ ನೋಡಿ ಕೆಲವರಿಗೆ ನಗು ಬಂದಿರಬಹುದು. ಉರ್ದು, ಕನ್ನಡ ಕಲಿಸುವ ಶಿಕ್ಷಕರಿಗೂ ಮೊಬೈಲಿನ ಸಾಫ್ಟ್‌ವೇರಿಗೂ ಏನು ಸಂಬಂಧ? ಸಂಬಂಧವಿದೆ. ನಮ್ಮ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಖಾತೆ, ಆಧಾರ್, ಅಂಕಪಟ್ಟಿ ಇವೆಲ್ಲ ಇಂದು ಮನೆಯ ಒಂದೇ ಫೋನಿನೊಳಗೆ ಕೂತಿವೆ. 2024-25ರ ಸಾಲಿನಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಒಂದು ಬಾರಿಯ ನೋಂದಣಿಗೆ ಮುಖ ತೋರಿಸಿ ದೃಢೀಕರಿಸುವ ಕ್ರಮವನ್ನು ತಂದಿತು, ಅದೂ ಫೋನಿನ ಆ್ಯಪ್ ಮೂಲಕ. ಫೋನ್ ತೀರಾ ಹಳೆಯದಾದರೆ ಇಂತಹ ಆ್ಯಪ್‌ಗಳು ಅದರಲ್ಲಿ ಕೂರುವುದೇ ಇಲ್ಲ. 'ಈ ಸಾಧನಕ್ಕೆ ಹೊಂದಿಕೆಯಾಗುವುದಿಲ್ಲ' ಎಂಬ ಒಂದು ಸಾಲು ಬರುತ್ತದೆ, ಅಷ್ಟೇ. ಅರ್ಜಿಯ ಕೊನೆಯ ದಿನ ಸಂಜೆ ಆ ಸಾಲು ಓದಿದವರಿಗೆ ಅದರ ಬಿಸಿ ಗೊತ್ತು.

ಆದ್ದರಿಂದ ಮೊದಲು ಒಂದು ಪ್ರಶ್ನೆ. ನಿಮ್ಮ ಫೋನಿನ ಆವೃತ್ತಿ ಯಾವುದು? ತರಗತಿಯಲ್ಲಿ ಕೇಳಿದರೆ ಒಬ್ಬ 'ಫೈವ್‌ಜಿ ಸಾರ್' ಎನ್ನುತ್ತಾನೆ. ಇನ್ನೊಬ್ಬ ಕಂಪನಿಯ ಹೆಸರು ಹೇಳುತ್ತಾನೆ. ಮತ್ತೊಬ್ಬ 'ಎಂಟು ಜಿಬಿ' ಎನ್ನುತ್ತಾನೆ. ಮೂರೂ ಉತ್ತರವಲ್ಲ. ಫೈವ್‌ಜಿ ಎಂಬುದು ಸಿಗ್ನಲ್ ತರುವ ದಾರಿ, ಜಿಬಿ ಎಂಬುದು ಜಾಗದ ಅಳತೆ. ನಾವು ಕೇಳುತ್ತಿರುವುದು ಫೋನನ್ನು ನಡೆಸುವ ಮೂಲ ತಂತ್ರಾಂಶವಾದ ಆಂಡ್ರಾಯ್ಡ್‌ನ ಎಷ್ಟನೇ ಮುದ್ರಣ ನಿಮ್ಮ ಕೈಯಲ್ಲಿದೆ ಎಂದು.

ಮುದ್ರಣ ಎಂದೆ. ಆವೃತ್ತಿ ಎಂಬ ನಮ್ಮ ಪದ ಬಂದಿರುವುದೇ ಪುಸ್ತಕ ಲೋಕದಿಂದ. ಒಂದು ವ್ಯಾಕರಣ ಪುಸ್ತಕದ ಮೊದಲ ಆವೃತ್ತಿ, ಪರಿಷ್ಕೃತ ಎರಡನೇ ಆವೃತ್ತಿ ಎನ್ನುತ್ತೇವಲ್ಲ, ಹಾಗೆಯೇ ಇದು. 2005ರಲ್ಲಿ ಗೂಗಲ್ ಕಂಪನಿ ಆಂಡ್ರಾಯ್ಡ್ ಎಂಬ ಸಣ್ಣ ಸಂಸ್ಥೆಯನ್ನು ಕೊಂಡುಕೊಂಡಿತು. 2008ರ ಸೆಪ್ಟೆಂಬರಿನಲ್ಲಿ ಮೊದಲ ಆವೃತ್ತಿ ಹೊರಬಂತು. ನಂತರದ ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಿಹಿತಿಂಡಿಗಳ ಹೆಸರಿಟ್ಟರು. 2013ರ 4.4 ಕಿಟ್‌ಕ್ಯಾಟ್, 2014ರ 5.0 ಲಾಲಿಪಾಪ್, 2017ರ 8.0 ಓರಿಯೋ, 2018ರ 9 ಪೈ. ಆಮೇಲೆ 2019ರಲ್ಲಿ ಈ ಸಿಹಿ ಹೆಸರುಗಳನ್ನು ಸಾರ್ವಜನಿಕವಾಗಿ ಬಳಸುವುದನ್ನು ನಿಲ್ಲಿಸಿ 10 ಎಂದಷ್ಟೇ ಕರೆದರು. ಕಾರಣ ಕೇಳಿದರೆ ಭಾಷೆ ಕಲಿಸುವವರಿಗೆ ಖುಷಿಯಾಗುತ್ತದೆ. ಕೆಲವು ಭಾಷೆಗಳಲ್ಲಿ ಲಕಾರ ರಕಾರಗಳ ವ್ಯತ್ಯಾಸ ಕೇಳಿಸದು, ಪೈ ಎಂದರೆ ಎಲ್ಲ ದೇಶದಲ್ಲೂ ಸಿಹಿತಿಂಡಿಯಲ್ಲ ಎಂದು ಗೂಗಲ್ ಹೇಳಿಕೊಂಡಿತು. ನಮ್ಮ ಕರಾವಳಿಯಲ್ಲಂತೂ ಪೈ ಎಂದರೆ ಮನೆತನದ ಹೆಸರು! ಅಲ್ಲಿಂದ ಮುಂದೆ 2020ರಲ್ಲಿ 11, 2021ರಲ್ಲಿ 12, 2022ರಲ್ಲಿ 13, 2023ರಲ್ಲಿ 14, 2024ರಲ್ಲಿ 15, 2025ರ ಜೂನ್‌ನಲ್ಲಿ 16 ಬಂದಿವೆ.

ಈಗ ಇದನ್ನು ನೋಡುವ ಬಗೆ. ತಾವು ಫೋನ್ ಕೈಗೆ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಹಲ್ಲುಚಕ್ರದ ಗುರುತಿರುವ ಸೆಟ್ಟಿಂಗ್ಸ್ ತೆರೆಯಿರಿ. ಬಹುತೇಕ ಫೋನುಗಳಲ್ಲಿ ಕಟ್ಟಕಡೆಗೆ, ಕೆಲವದರಲ್ಲಿ ಮೊದಲಲ್ಲೇ, 'ಅಬೌಟ್ ಫೋನ್' ಎಂದಿರುತ್ತದೆ. ಫೋನಿನ ಭಾಷೆ ಕನ್ನಡಕ್ಕೆ ಬದಲಿಸಿಕೊಂಡಿದ್ದರೆ 'ಫೋನ್ ಕುರಿತು' ಅಥವಾ 'ಫೋನ್ ಬಗ್ಗೆ' ಎಂದು ಕಾಣುತ್ತದೆ. ಅದನ್ನು ಒತ್ತಿದರೆ ಆಂಡ್ರಾಯ್ಡ್ ಆವೃತ್ತಿ ಸಿಗುತ್ತದೆ. ಸ್ಯಾಮ್‌ಸಂಗ್ ಫೋನಿನಲ್ಲಿ ಇನ್ನೊಂದು ಬಾಗಿಲು ದಾಟಬೇಕು, 'ಸಾಫ್ಟ್‌ವೇರ್ ಇನ್ಫಾರ್ಮೇಶನ್' ಎಂದು. ಜಾಗ ಹುಡುಕಲು ಬೇಸರವಾದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕು ಪೆಟ್ಟಿಗೆಯಲ್ಲಿ ಆಂಡ್ರಾಯ್ಡ್ ಎಂದು ಬರೆದರೂ ಸಾಕು.

ಆ ಪುಟದಲ್ಲಿ ಒಂದಲ್ಲ, ಏಳೆಂಟು ಸಂಖ್ಯೆಗಳಿರುತ್ತವೆ. ಗೊಂದಲ ಶುರುವಾಗುವುದು ಇಲ್ಲೇ. ಕರ್ನೆಲ್, ಬೇಸ್‌ಬ್ಯಾಂಡ್ ಎಂಬ ಸಾಲುಗಳನ್ನು ಬಿಟ್ಟುಬಿಡಿ, ರಿಪೇರಿ ಮಾಡುವವರಿಗೆ ಅವು ಬೇಕು, ನಮಗಲ್ಲ. ಆದರೆ ಫೋನ್ ತಯಾರಿಸಿದ ಕಂಪನಿ ಆಂಡ್ರಾಯ್ಡ್‌ನ ಮೇಲೆ ತನ್ನದೊಂದು ಹೊದಿಕೆ ಹಾಕಿರುತ್ತದೆ. ಅದಕ್ಕೂ ಬೇರೆ ಹೆಸರು, ಬೇರೆ ಸಂಖ್ಯೆ. ಸ್ಯಾಮ್‌ಸಂಗ್‌ನದು ಒನ್ ಯುಐ, ಶಿಯೋಮಿಯದು ಮೊದಲು ಎಂಐಯುಐ ಇತ್ತು, 2023ರ ಕೊನೆಯಿಂದ ಹೈಪರ್‌ಓಎಸ್ ಬಂತು. ಒನ್ ಯುಐ 6 ಎಂದಿದ್ದರೆ ಒಳಗಿರುವುದು ಆಂಡ್ರಾಯ್ಡ್ 14. ಎಂಐಯುಐ 12 ಇದ್ದ ಎಷ್ಟೋ ಫೋನುಗಳ ಒಳಗಿದ್ದದ್ದು ಆಂಡ್ರಾಯ್ಡ್ 10. ಹೊದಿಕೆಯ ಸಂಖ್ಯೆ ಒಮ್ಮೆ ಹೆಚ್ಚು ಕಾಣುತ್ತದೆ, ಒಮ್ಮೆ ಕಡಿಮೆ. ಅದನ್ನು ನೋಡಿ ತೀರ್ಮಾನಿಸಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಂದೆ ಕಳೆದ ವರ್ಷ ಮಗಳ ಓದಿಗೆಂದು ಪೇಟೆಯ ಅಂಗಡಿಯೊಂದರಲ್ಲಿ ಬಳಸಿದ ಫೋನ್ ಕೊಂಡರು. ಬೀಡಿ ಕಟ್ಟಿ ಉಳಿಸಿದ ಆರು ಸಾವಿರ ರೂಪಾಯಿ. 'ಹನ್ನೆರಡನೇ ವರ್ಷನ್, ಹೊಸದೇ' ಎಂದು ಅಂಗಡಿಯವರು ತೋರಿಸಿದ್ದು ಹೊದಿಕೆಯ 12ನ್ನು. ಅದರ ಕೆಳಗೆ ಸಣ್ಣಕ್ಷರದಲ್ಲಿ ಆಂಡ್ರಾಯ್ಡ್ 10 ಎಂದಿತ್ತು. ಅದಕ್ಕಿಂತ ಮುಖ್ಯವಾಗಿ, ಇನ್ನೂ ಕೆಳಗಿನ ಸಾಲಿನಲ್ಲಿ 2021ರ ದಿನಾಂಕವೊಂದಿತ್ತು. ಆ ದಿನಾಂಕವನ್ನು ಕೊಂಡವರೂ ಓದಿರಲಿಲ್ಲ, ಮಾರಿದವರೂ ಓದಿದಂತಿಲ್ಲ.

ಮಿತ್ರರೇ, ಆ ದಿನಾಂಕದ ಬಗ್ಗೆಯೇ ನಾನು ಇಂದು ಮುಖ್ಯವಾಗಿ ಮಾತಾಡಲು ಬಂದಿದ್ದೇನೆ. ಅದರ ಹೆಸರು 'ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್' ಅಥವಾ 'ಸೆಕ್ಯುರಿಟಿ ಪ್ಯಾಚ್ ಲೆವೆಲ್'. ಪುಸ್ತಕದ ಹೋಲಿಕೆಯನ್ನೇ ಮುಂದುವರಿಸೋಣ. ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಇಡೀ ಪುಸ್ತಕವನ್ನು ಮತ್ತೆ ಅಚ್ಚು ಹಾಕುವುದಿಲ್ಲ, ಒಂದು ತಪ್ಪೊಪ್ಪೋಲೆ ಅಂಟಿಸುತ್ತೇವೆ. ಸೆಕ್ಯುರಿಟಿ ಪ್ಯಾಚ್ ಎಂಬುದು ಆ ತಪ್ಪೊಪ್ಪೋಲೆ. ಆದರೆ ಒಂದು ವ್ಯತ್ಯಾಸವಿದೆ. ಪುಸ್ತಕದಲ್ಲಿ ತಪ್ಪು ಉಳಿದರೆ ವಿದ್ಯಾರ್ಥಿ ಒಂದು ಅಂಕ ಕಳೆದುಕೊಳ್ಳಬಹುದು. ಇಲ್ಲಿ ತಪ್ಪು ಉಳಿದರೆ ಅದು ಕಳ್ಳನಿಗೆ ಕಿಂಡಿ.

2015ರ ಜುಲೈನಲ್ಲಿ ಜಿಂಪೀರಿಯಂ ಎಂಬ ಭದ್ರತಾ ಸಂಸ್ಥೆಯ ಜೋಶುವಾ ಡ್ರೇಕ್ ಎಂಬವರು ಆಂಡ್ರಾಯ್ಡ್‌ನೊಳಗಿನ ಒಂದು ದೋಷವನ್ನು ಬಯಲು ಮಾಡಿದರು. ವಿಡಿಯೋ ತೋರಿಸುವ ಭಾಗದಲ್ಲಿತ್ತು ಅದು, ಸ್ಟೇಜ್‌ಫ್ರೈಟ್ ಎಂದು ಅದಕ್ಕೆ ಹೆಸರು. ವಿಶೇಷವಾಗಿ ತಯಾರಿಸಿದ ವಿಡಿಯೋ ಸಂದೇಶವೊಂದನ್ನು ಕಳಿಸಿದರೆ, ಫೋನಿನ ಮಾಲೀಕ ಅದನ್ನು ತೆರೆಯದಿದ್ದರೂ ಒಳನುಗ್ಗಲು ಸಾಧ್ಯವಿತ್ತು. 2.2ರಿಂದ ಆಗಿನ ಹೊಸ ಆವೃತ್ತಿಯವರೆಗೆ, ಅಂದರೆ ಜಗತ್ತಿನ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಆ ದೋಷವಿತ್ತು. ಮರು ತಿಂಗಳು, ಆಗಸ್ಟ್‌ನಿಂದ, ಗೂಗಲ್ ತಿಂಗಳಿಗೊಮ್ಮೆ ದೋಷಗಳ ಪಟ್ಟಿಯನ್ನೂ ಅವುಗಳ ತಿದ್ದುಪಡಿಯನ್ನೂ ಪ್ರಕಟಿಸುವ ಪದ್ಧತಿ ಆರಂಭಿಸಿತು. ಫೋನಿನಲ್ಲಿ ಆ ದಿನಾಂಕ ಕಾಣತೊಡಗಿದ್ದು ಆ ಬಳಿಕವೇ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಪಟ್ಟಿ ಬಹಿರಂಗವಾದದ್ದು. ನಾವು ನೀವು ಓದದಿದ್ದರೂ ಕಳ್ಳರು ಓದುತ್ತಾರೆ. ಯಾವ ಬೀದಿಯ ಯಾವ ಮನೆಯ ಚಿಲಕ ಸಡಿಲ ಎಂದು ಊರಿಗೆಲ್ಲ ಸಾರಿದ ಮೇಲೆ, ಚಿಲಕ ಸರಿಪಡಿಸಿಕೊಂಡವರು ನೆಮ್ಮದಿಯಿಂದ ಮಲಗಬಹುದು. ಸರಿಪಡಿಸಿಕೊಳ್ಳದವರ ಪಾಲಿಗೆ ಆ ಪ್ರಕಟಣೆ ಮೊದಲಿಗಿಂತ ಹೆಚ್ಚು ಅಪಾಯ. ಆದ್ದರಿಂದ 2021ಕ್ಕೆ ನಿಂತ ಫೋನ್ ಎಂದರೆ, ಅಲ್ಲಿಂದೀಚೆಗೆ ಸಾರಿದ ಎಲ್ಲ ಸಡಿಲ ಚಿಲಕಗಳೂ ಹಾಗೆಯೇ ಇರುವ ಮನೆ. ಫೋನ್ ಹೊಳೆಯುತ್ತಿರಬಹುದು, ಕ್ಯಾಮೆರಾ ಚೆನ್ನಾಗಿರಬಹುದು, ಅದು ಬೇರೆ ಮಾತು. ಆಂಡ್ರಾಯ್ಡ್ 14 ಇದ್ದು ದಿನಾಂಕ ಎರಡು ವರ್ಷ ಹಿಂದಿನದಾಗಿರುವ ಫೋನಿಗಿಂತ, 13 ಇದ್ದು ಇತ್ತೀಚಿನವರೆಗೂ ತಿದ್ದುಪಡಿ ಪಡೆದ ಫೋನ್ ಮೇಲು ಎಂಬುದು ನನ್ನ ಅಭಿಪ್ರಾಯ.

ತಿದ್ದುಪಡಿ ನಮಗೇಕೆ ತಡವಾಗಿ ಬರುತ್ತದೆ ಎಂದು ಹುಡುಗರು ಕೇಳುತ್ತಾರೆ. ಪಠ್ಯಪುಸ್ತಕ ಶಾಲೆಗೆ ಬರುವ ದಾರಿ ನೆನೆಯಿರಿ. ಬೆಂಗಳೂರಿನಲ್ಲಿ ಸಿದ್ಧವಾಗಿ, ಅಚ್ಚಾಗಿ, ಜಿಲ್ಲೆಗೆ ಬಂದು, ತಾಲ್ಲೂಕಿನ ಗೋದಾಮು ಸೇರಿ, ಅಲ್ಲಿಂದ ಶಾಲೆಗೆ. ಹಾಗೆಯೇ ಗೂಗಲ್ ಬರೆದದ್ದನ್ನು ಚಿಪ್ ತಯಾರಿಸುವ ಕಂಪನಿ ತನ್ನ ಚಿಪ್‌ಗೆ ಹೊಂದಿಸಬೇಕು, ಫೋನ್ ಕಂಪನಿ ತನ್ನ ಹೊದಿಕೆಗೆ ಹೊಂದಿಸಿ ಪರೀಕ್ಷಿಸಬೇಕು, ಆಮೇಲೆ ನಮ್ಮ ಕೈಗೆ. ಕಡಿಮೆ ಬೆಲೆಯ ಮಾದರಿಗಳ ಸರದಿ ಸಾಮಾನ್ಯವಾಗಿ ಕೊನೆಗೆ. ಒಂದು ದಿನ ಸರದಿಯೇ ನಿಲ್ಲುತ್ತದೆ. ಗೂಗಲ್ ಕೂಡ ಹಳೆಯ ಆವೃತ್ತಿಗಳನ್ನು ಕೈಬಿಡುತ್ತ ಬರುತ್ತದೆ. 2025ರ ಏಪ್ರಿಲ್‌ನಿಂದ ಅದರ ತಿಂಗಳ ಪಟ್ಟಿಯಲ್ಲಿ ಆಂಡ್ರಾಯ್ಡ್ 12ರ ಹೆಸರಿಲ್ಲ.

ಹಾಗಾಗಿ ಫೋನ್ ಕೊಳ್ಳುವಾಗ 'ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ' ಎಂದು ಕೇಳಿ. 2023ರ ಪಿಕ್ಸೆಲ್ 8ಕ್ಕೆ ಗೂಗಲ್, 2024ರ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷದ ಭರವಸೆ ಕೊಟ್ಟವು. ಅವು ದುಬಾರಿ ಫೋನುಗಳು, ಅಗ್ಗದ ಅನೇಕ ಮಾದರಿಗಳಿಗೆ ಅದರ ಅರ್ಧವೂ ಇಲ್ಲ. ಈ ವರ್ಷಗಳ ಎಣಿಕೆ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಬಳಸಿದ ಫೋನ್ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ನಮ್ಮಲ್ಲಿ ಬಹಳ ಮನೆಗಳಿಗೆ ಅದೇ ದಾರಿ. ಆದರೆ ಹಣ ಕೊಡುವ ಮೊದಲು ಅಂಗಡಿಯಲ್ಲೇ ಆ ದಿನಾಂಕದ ಸಾಲನ್ನು ತೆರೆಸಿ ನೋಡಿ, 'ಸಾಫ್ಟ್‌ವೇರ್ ಅಪ್‌ಡೇಟ್' ಒತ್ತಿ ಹೊಸದೇನಾದರೂ ಬರುತ್ತದೆಯೇ ಪರೀಕ್ಷಿಸಿ. ಎರಡು ನಿಮಿಷದ ಕೆಲಸ.

ಆವೃತ್ತಿಯ ಸಂಖ್ಯೆಗೆ ಬೆಲೆಯೇ ಇಲ್ಲವೆಂದಲ್ಲ. ಈ ಸಭೆಯಲ್ಲಿ ಎರಡು ಲಿಪಿ ಓದುವವರಿದ್ದೇವೆ. 2012ರ 4.1 ಆವೃತ್ತಿಯಲ್ಲಿ ಕನ್ನಡದ ಬೆಂಬಲ ಸೇರಿತು. ಅದೇ ವರ್ಷದ 4.2ರಲ್ಲಿ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗಾಗಿ ಇಡೀ ಪರದೆಯನ್ನೇ ತಿರುಗಿಸುವ ವ್ಯವಸ್ಥೆ ಬಂತು. ಇನ್ನು ನಮ್ಮ ರಕ್ಷಣೆಯ ಮಾತಿಗೆ ಬಂದರೆ, 2015ರ 6.0ಕ್ಕಿಂತ ಮೊದಲು ಆ್ಯಪ್ ಹಾಕಿಕೊಳ್ಳುವಾಗಲೇ ಅದು ಕೇಳಿದ ಎಲ್ಲ ಅನುಮತಿಯನ್ನೂ ಒಟ್ಟಿಗೆ ಕೊಡಬೇಕಿತ್ತು. ಈಗ ಒಂದೊಂದಾಗಿ ಕೇಳುತ್ತದೆ, ಬೇಡವೆನ್ನಬಹುದು. 12ರಿಂದ ಮೈಕ್ ಅಥವಾ ಕ್ಯಾಮೆರಾ ಬಳಕೆಯಾಗುತ್ತಿದ್ದರೆ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ. 13ರಿಂದ, ಪ್ಲೇಸ್ಟೋರ್ ಹೊರಗಿನಿಂದ ಫೈಲ್ ರೂಪದಲ್ಲಿ ಬಂದ ಆ್ಯಪ್ ಪರದೆಯ ಮೇಲಿನದನ್ನೆಲ್ಲ ಓದುವ ವಿಶೇಷ ಅನುಮತಿ ಕೇಳಿದರೆ ಫೋನ್ ಸುಲಭಕ್ಕೆ ಒಪ್ಪುವುದಿಲ್ಲ. ಮದುವೆ ಕರೆಯೋಲೆ, ಸಂಚಾರ ದಂಡದ ನೋಟಿಸ್ ಎಂಬ ವೇಷದಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲುಗಳ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಆ ವಾಟ್ಸಾಪ್ ಕೂಡ 2023ರ ಅಕ್ಟೋಬರಿನಲ್ಲಿ 5.0ಕ್ಕಿಂತ ಹಳೆಯ ಆವೃತ್ತಿಗಳಿಗೆ ಬೆಂಬಲ ನಿಲ್ಲಿಸುವುದಾಗಿ ತಿಳಿಸಿತು. ಅಂದ ಹಾಗೆ, ವಾಟ್ಸಾಪ್‌ಗೆ ಅದರದೇ ಆವೃತ್ತಿ ಸಂಖ್ಯೆ ಇದೆ. ಪ್ಲೇಸ್ಟೋರ್‌ನಲ್ಲಿ ಅದನ್ನು ನವೀಕರಿಸಿದರೆ ಫೋನಿನ ಆಂಡ್ರಾಯ್ಡ್ ನವೀಕರಣಗೊಂಡಂತಲ್ಲ.

ನವೀಕರಣ ಮಾಡುವಾಗ ಫೋಟೋ, ಟಿಪ್ಪಣಿಗಳನ್ನು ಬೇರೆಡೆ ಉಳಿಸಿಕೊಳ್ಳಿ, ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ, ವೈಫೈ ಸಿಕ್ಕರೆ ಡೇಟಾ ಉಳಿಯುತ್ತದೆ. ಅಪ್‌ಡೇಟ್ ಬರುವುದು ಸೆಟ್ಟಿಂಗ್ಸ್ ಒಳಗಿನಿಂದ ಮಾತ್ರ. 'ನಿಮ್ಮ ಆಂಡ್ರಾಯ್ಡ್ ಹಳೆಯದಾಗಿದೆ, ಇಲ್ಲಿ ಒತ್ತಿ' ಎಂದು ಎಸ್‌ಎಂಎಸ್‌ನಲ್ಲಿ ಬಂದರೆ ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಅಪ್‌ಡೇಟ್ ನಿಂತುಹೋದ ಫೋನನ್ನು ಏನು ಮಾಡುವುದು? ಎಸೆಯಬೇಕಾಗಿಲ್ಲ. ಮೇಲೆ ಹೇಳಿದ ಹುಡುಗಿಯ ಮನೆಯಲ್ಲಿ ಈಗ ಬ್ಯಾಂಕ್ ಮತ್ತು ಯುಪಿಐ ಆ್ಯಪ್ ತಂದೆಯ ಫೋನಿನಲ್ಲಿವೆ. ಹಳೆಯ ಫೋನಿನಲ್ಲಿ ಸಿಮ್ ಇಲ್ಲ, ನಿಘಂಟು, ಪಾಠದ ಧ್ವನಿಮುದ್ರಣ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆಗಳಿವೆ. ಅವಳ ಓದು ನಡೆದಿದೆ.

ಕೊನೆಗೆ ಹುಡುಗರಿಗೆ ಒಂದು ಮಾತು. ಆಂಡ್ರಾಯ್ಡ್ ಆವೃತ್ತಿಯ ಸಾಲನ್ನು ಬೇಗಬೇಗ ನಾಲ್ಕಾರು ಬಾರಿ ಒತ್ತಿದರೆ ತಯಾರಕರು ಅಡಗಿಸಿಟ್ಟ ಚಿತ್ರವೊಂದು ಕಾಣುತ್ತದೆ, ನೋಡಿ ಆನಂದಿಸಿ. ಆದರೆ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಬಾರಿ ಒತ್ತುವ ಆಟ ಬೇಡ. ಅದು ತಂತ್ರಜ್ಞರ ಕೋಣೆಯ ಬಾಗಿಲು, ಅದು ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ.

ಚಹಾದ ಬಿಡುವಿನಲ್ಲಿ ನಾನು ವಾಚನಾಲಯದ ಕೋಣೆಯಲ್ಲಿರುತ್ತೇನೆ. ಫೋನ್ ತನ್ನಿ, ದಿನಾಂಕದ ಸಾಲನ್ನು ಒಟ್ಟಿಗೆ ಓದೋಣ.