ಮೊದಲನೆಯ ಕೀಮೋಗೆ ಹೋಗುವ ಮುಂಚೆ

(ಹಾತಕಣಂಗಲೆಯಲ್ಲಿ ಕೂಡಿದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಸಹೋದರಿಯೊಬ್ಬರು ಆಡಿದ ಮಾತು)



ನಾನು ಭಾಷಣ ಕಲಿತವಳಲ್ಲ. ಹದಿನಾರು ವರ್ಷ ನೂಲಿನ ಗಿರಣಿಯಲ್ಲಿ ನಿಂತು ದುಡಿದವಳು. ನಮ್ಮ ಮನೆಯವರು ಇಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫೌಂಡ್ರಿ ಕೆಲಸಕ್ಕಿದ್ದಾರೆ. ನನ್ನ ಎದೆಯಲ್ಲಿ ಗಂಟು ಕಾಣಿಸಿತು, ತಪಾಸಣೆಯಲ್ಲಿ ಕ್ಯಾನ್ಸರ್ ಎಂದಾಯಿತು, ಆಪರೇಷನ್ ಆಯಿತು, ಆಮೇಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಎಂಟು ಸಲ ಕೀಮೋ ಕೊಟ್ಟರು. ಅದೆಲ್ಲ ಮುಗಿಸಿ ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಕೂಟದ ಹಿರಿಯರು, "ನೀನು ಕಂಡದ್ದನ್ನು ಹೇಳವ್ವಾ, ಯಾರಿಗಾದರೂ ಉಪಯೋಗವಾದೀತು" ಎಂದರು. ಅದಕ್ಕೇ ಎದ್ದು ನಿಂತೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಓಣಿಯಲ್ಲಿ ನನಗಿಂತ ಮುಂಚೆ ಒಬ್ಬ ವೈನಿಗೆ ಇದೇ ರೋಗ ಬಂದಿತ್ತು. ಮೊದಲನೆಯ ಔಷಧಕ್ಕೆ ವಾಂತಿಯಾಯಿತು, ಕೂದಲು ಹೋಯಿತು. "ರೋಗಕ್ಕಿಂತ ಔಷಧವೇ ಕೊಲ್ಲುತ್ತದೆ" ಎಂದು ಮನೆಯವರು ಎರಡನೆಯ ಸಲ ಕಳುಹಿಸಲಿಲ್ಲ. ಅವರಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಏನಾಗುತ್ತದೆ, ಎಷ್ಟು ದಿನ ಆಗುತ್ತದೆ ಎಂದು ಮುಂಚೆ ಯಾರೂ ಹೇಳಿರಲಿಲ್ಲ. ಆ ವೈನಿ ಈಗ ಇಲ್ಲ. ಮುಂದಾಗುವುದು ಗೊತ್ತಿದ್ದರೆ ಮನುಷ್ಯ ತಡೆದುಕೊಳ್ಳುತ್ತಾನೆ. ಗೊತ್ತಿಲ್ಲದಿದ್ದರೆ ಹೆದರಿ ಓಡುತ್ತಾನೆ.

ಕೀಮೋ ಎಂದರೆ ಕರೆಂಟು ಕೊಡುವುದಲ್ಲ. ಅದು ಬೇರೆ ಚಿಕಿತ್ಸೆ. ಕೀಮೋ ಎಂದರೆ ಔಷಧ. ಹೆಚ್ಚಾಗಿ ಸಲಾಯಿನ್ ಹಚ್ಚಿ ರಕ್ತನಾಳದಲ್ಲಿ ಬಿಡುತ್ತಾರೆ, ಕೆಲವರಿಗೆ ಗುಳಿಗೆಯಾಗಿಯೂ ಕೊಡುತ್ತಾರೆ. ಬೇಗ ಬೇಗ ಬೆಳೆಯುವ ಜೀವಕಣಗಳನ್ನು ಅದು ಹೊಡೆಯುತ್ತದೆ. ಕ್ಯಾನ್ಸರಿನ ಕಣಗಳು ಹಾಗೆ ಬೆಳೆಯುವಂಥವು. ಆದರೆ ನಮ್ಮ ಕೂದಲಿನ ಬುಡ, ಬಾಯಿಯ ಒಳಪದರ, ಕರುಳು, ಎಲುಬಿನೊಳಗೆ ರಕ್ತ ತಯಾರಾಗುವ ಮಜ್ಜೆ, ಇವೂ ಬೇಗ ಬೆಳೆಯುವಂಥವೇ. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವಾಗ ಎಳೆಯ ಸಸಿಗೂ ಕುರ್ಪಿಯ ಪೆಟ್ಟು ತಗಲುತ್ತದಲ್ಲವೇ? ಬೇರು ಗಟ್ಟಿಯಿದ್ದ ಸಸಿ ಮತ್ತೆ ಚಿಗುರುತ್ತದೆ. ಒಳ್ಳೆಯ ಕಣಗಳು ಚಿಗುರಲೆಂದೇ ನಡುವೆ ದಿನಗಳನ್ನು ಬಿಡುತ್ತಾರೆ. ಆದುದರಿಂದ ಒಂದು ಪಾಳಿಯನ್ನು ನಮ್ಮಷ್ಟಕ್ಕೆ ನಾವೇ ತಪ್ಪಿಸಿದರೆ ಕಳೆಗೆ ಮತ್ತೆ ಬೆಳೆಯಲು ಬಿಟ್ಟಂತೆ.

ಈ ಔಷಧಗಳು ದೂರದವರ ಮಾಟವಲ್ಲ. 1947-48ರಲ್ಲಿ ಅಮೇರಿಕದ ಬಾಸ್ಟನ್‌ನಲ್ಲಿ ಡಾಕ್ಟರ್ ಸಿಡ್ನಿ ಫಾರ್ಬರ್ ಎಂಬವರು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಒಂದು ಔಷಧ ಕೊಟ್ಟು ರೋಗ ಸ್ವಲ್ಪ ಕಾಲವಾದರೂ ಹಿಂದೆ ಸರಿಯುವುದನ್ನು ಕಂಡರು. ಆ ಔಷಧ ಬಂದದ್ದು ನಮ್ಮ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯಿಂದ. ಅಂಗಳದಲ್ಲಿ, ಸಮಾಧಿಗಳ ಬಳಿ ಬೆಳೆಯುವ ಸದಾಪುಷ್ಪ, ಮರಾಠಿಯವರು ಸದಾಫುಲಿ ಎನ್ನುತ್ತಾರಲ್ಲ, ಆ ಗಿಡದಿಂದಲೂ ಎರಡು ಕೀಮೋ ಔಷಧ ತೆಗೆಯುತ್ತಾರೆ. ಹಾಗೆಂದು ಮನೆಯಲ್ಲಿ ಅದರ ಎಲೆ ಅರೆದು ಕುಡಿಯಬೇಡಿರಿ. ಅದು ವಿಷದ ಗಿಡ; ಅಳತೆ ತಪ್ಪಿದರೆ ಜೀವಕ್ಕೆ ಅಪಾಯ.

ಈಗ ಹೋಗುವ ಮುಂಚಿನ ಸಿದ್ಧತೆ.

ಮೊದಲು ಕಾಗದಪತ್ರ. ರೇಷನ್ ಕಾರ್ಡು, ಆಧಾರ್ ಕಾರ್ಡು, ಬಯಾಪ್ಸಿ ವರದಿ, ಹಿಂದಿನ ಎಲ್ಲ ಚೀಟಿಗಳನ್ನು ಒಂದೇ ಚೀಲದಲ್ಲಿಡಿರಿ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2018ರಿಂದ ಆಯುಷ್ಮಾನ್ ಭಾರತವೂ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬವರು ಕೂತಿರುತ್ತಾರೆ. ಮಂಜೂರಿಗೆ ಸಮಯ ಹಿಡಿಯುವುದರಿಂದ ಕೀಮೋ ದಿನಕ್ಕಿಂತ ಮುಂಚೆಯೇ ಅವರನ್ನು ಕಾಣಿರಿ. ಸಾಲ ಮಾಡುವ ಮುಂಚೆ, ಮುಕಾದಮನ ಹತ್ತಿರ ಉಚಲು ಎತ್ತುವ ಮುಂಚೆ ಇದನ್ನು ವಿಚಾರಿಸಿರಿ. ಇ.ಎಸ್.ಐ. ಇದ್ದವರಿಗೆ ಕಾಯಿಲೆಯ ರಜೆಗೆ ಭತ್ಯೆ ಉಂಟು. ಕ್ಯಾನ್ಸರಿನಂಥ ದೀರ್ಘ ರೋಗಕ್ಕೆ, ಸಾಕಷ್ಟು ಕಾಲ ಚಂದಾ ತುಂಬಿದ್ದರೆ, ಹೆಚ್ಚಿನ ಅವಧಿಗೂ ಸಿಗುತ್ತದೆ. ರೇಲ್ವೆಯಲ್ಲಿ ರೋಗಿಗೂ ಜೊತೆಗಾರನಿಗೂ ರಿಯಾಯಿತಿ ಉಂಟು. ಅದರ ಫಾರ್ಮನ್ನು ಆಸ್ಪತ್ರೆಯಲ್ಲಿ ಬರೆಯಿಸಿಕೊಳ್ಳಬೇಕು. ನಾವು ಹಾತಕಣಂಗಲೆಯಿಂದ ಮಿರಜಿಗೆ ರೈಲಿನಲ್ಲೇ ಹೋಗಿಬರುತ್ತಿದ್ದೆವು. ಮಿರಜು ಹಳೆಯ ಆಸ್ಪತ್ರೆಗಳ ಊರು. 1894ರಲ್ಲಿಯೇ ಡಾಕ್ಟರ್ ವಾನ್ಲೆಸ್ ಅವರು ಅಲ್ಲಿ ಮಿಶನ್ ಆಸ್ಪತ್ರೆ ತೆರೆದಿದ್ದರು.

ಎರಡನೆಯದು, ಡಾಕ್ಟರರಿಗೆ ಏನನ್ನೂ ಮುಚ್ಚಿಡಬೇಡಿರಿ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ, ಹಿಂದೆ ಕ್ಷಯ ಆಗಿದ್ದರೆ ಅದು, ತಿನ್ನುತ್ತಿರುವ ಗುಳಿಗೆ, ಕುಡಿಯುತ್ತಿರುವ ಕಷಾಯ, ಎಲ್ಲವನ್ನೂ ಹೇಳಿರಿ. ತಿಂಗಳು ತಪ್ಪಿದ್ದರೆ ನಾಚದೆ ಹೇಳಿರಿ. ಔಷಧದ ಕಾಲದಲ್ಲಿ ಗರ್ಭ ನಿಲ್ಲಬಾರದು. ಇನ್ನೂ ಮಕ್ಕಳಾಗಬೇಕಾದ ವಯಸ್ಸಿನವರು ಆ ಮಾತನ್ನು ಮೊದಲನೆಯ ಔಷಧಕ್ಕಿಂತ ಮುಂಚೆಯೇ ಎತ್ತಬೇಕು.

ಮೂರನೆಯದು ಬಾಯಿ. ಹುಳುಕು ಹಲ್ಲಿದ್ದರೆ ಮುಂಚೆಯೇ ತೋರಿಸಿರಿ. ನಮ್ಮ ಕಡೆಯ ಹೆಂಗಸರಿಗೆ ಮಿಶ್ರಿ ಹಚ್ಚುವ ರೂಢಿ. ನನಗೂ ಇತ್ತು, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಅದು ಸುಟ್ಟ ತಂಬಾಕೇ ಹೊರತು ಹಲ್ಲುಪುಡಿಯಲ್ಲ. ಅದನ್ನು ಆ ದಿನವೇ ಬಿಡಿರಿ. ಗಂಡಸರ ತಂಬಾಕು, ಗುಟ್ಕಾ, ಬೀಡಿಗೂ ಇದೇ ಮಾತು.

ಆ ದಿನ ಬೆಳಿಗ್ಗೆ, ಡಾಕ್ಟರು ಬೇಡವೆನ್ನದಿದ್ದರೆ, ಹಗುರಾಗಿ ಉಂಡು ಹೋಗಿರಿ. ತೋಳು ಸಡಿಲಾದ ರವಿಕೆ ತೊಡಿರಿ, ಕೈಬಳೆ ಮನೆಯಲ್ಲಿಡಿರಿ. ಒಂದು ಶಾಲು, ಕಾಯಿಸಿ ಆರಿಸಿದ ನೀರು, ಜೊತೆಗೆ ಒಬ್ಬ ದೊಡ್ಡವರು ಇರಲಿ. ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿರಿ. ಅಲ್ಲಿ ತೂಕ, ಎತ್ತರ ನೋಡಿ ಔಷಧದ ಅಳತೆ ಹಾಕುತ್ತಾರೆ. ರಕ್ತದ ವರದಿ ಸರಿಯಿಲ್ಲದಿದ್ದರೆ ಕೆಲವು ದಿನ ಮುಂದೂಡಿ ವಾಪಸು ಕಳುಹಿಸುವುದೂ ಉಂಟು. ಅದು ಅಲಕ್ಷ್ಯವಲ್ಲ, ಕಾಳಜಿ. ಮೊದಲು ವಾಂತಿ ತಡೆಯುವ ಇಂಜೆಕ್ಷನ್, ಆಮೇಲೆ ಔಷಧ. ಸೂಜಿ ಚುಚ್ಚಿದಲ್ಲಿ ಉರಿದರೆ, ಬಾತರೆ, ಅಥವಾ ಮೈ ತುರಿಸಿ ಉಸಿರು ಹಿಡಿದರೆ, "ಸಿಸ್ಟರ್ ಬೈದಾರು" ಎಂದು ಸುಮ್ಮನಿರಬೇಡಿರಿ, ಆ ಕ್ಷಣ ಕೂಗಿರಿ. ನನಗೆ ಕೊಟ್ಟದ್ದು ಕೆಂಪು ಔಷಧ. ಮನೆಗೆ ಬಂದು ನೋಡಿದರೆ ಮೂತ್ರವೂ ಕೆಂಪು! ರಕ್ತವೆಂದು ಅತ್ತುಬಿಟ್ಟೆ. ಅದು ಔಷಧದ ಬಣ್ಣ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ಮುಂಚೆಯೇ ಕೇಳಿಕೊಂಡಿದ್ದರೆ ಅಷ್ಟು ಕಣ್ಣೀರು ಉಳಿಯುತ್ತಿತ್ತು.

ಮೊದಲ ಎರಡು ದಿನ ರೋಗಿಯ ವಾಂತಿ, ಮಲಮೂತ್ರದಲ್ಲಿ ಔಷಧದ ಅಂಶ ಇರುತ್ತದೆ. ಅದನ್ನು ಬಳಿಯುವವರು ಕೈಗೆ ರಬ್ಬರಿನ ಚೀಲ ಹಾಕಿಕೊಳ್ಳಲಿ. ಸಂಡಾಸಕ್ಕೆ ಹೆಚ್ಚು ನೀರು ಹಾಕಿರಿ, ಹೊಲಸಾದ ಬಟ್ಟೆ ಬೇರೆಯಾಗಿ ಒಗೆಯಿರಿ. ಆದರೆ ಕ್ಯಾನ್ಸರ್ ಅಂಟುರೋಗವಲ್ಲ. ತಾಟು ಬೇರೆ, ಹಾಸಿಗೆ ಬೇರೆ ಮಾಡಿ ರೋಗಿಯ ಮನಸ್ಸನ್ನು ಕೊಲ್ಲಬೇಡಿರಿ. ಮೊಮ್ಮಕ್ಕಳು ಹತ್ತಿರ ಕೂತು ಉಣ್ಣಲಿ.

ವಾಂತಿಯ ಗುಳಿಗೆಯನ್ನು ವಾಂತಿ ಬಂದ ಮೇಲೆ ನುಂಗುವುದಲ್ಲ, ಹೇಳಿದ ಹೊತ್ತಿಗೆ ನುಂಗಬೇಕು. ನನಗೆ ಮೂರು ದಿನ ಕಷ್ಟವಾಯಿತು, ನಾಲ್ಕನೆಯ ದಿನ ಹಸಿವಾಯಿತು. ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಅತ್ತೆಯವರು ಒಲೆಯನ್ನು ಹಿತ್ತಲಿಗೆ ಒಯ್ದರು. ಅಂಬಲಿ, ಮೆತ್ತನೆಯ ಅನ್ನ, ಬೇಳೆಕಟ್ಟು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಇವನ್ನು ಎರಡು ತಾಸಿಗೊಮ್ಮೆ ಸ್ವಲ್ಪಸ್ವಲ್ಪ ಕೊಟ್ಟರು. ತಾಂಬಡಾ ರಸ್ಸಾ ಬಾಯಿಹುಣ್ಣು ಮಾಯುವವರೆಗೆ ಬೇಡ. ರಸ್ತೆಯ ಬದಿಯ ಬರ್ಫು ಹಾಕಿದ ಕಬ್ಬಿನ ಹಾಲು, ಕೊಯ್ದಿಟ್ಟ ಹಣ್ಣು, ಹಸಿ ಮೊಳಕೆಕಾಳು ಬೇಡ. ಬಾಯಿಗೆ ಹುಣ್ಣಾಗದಂತೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡಿಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಿರಿ. ಮಲ ಕಟ್ಟುವುದೂ ಉಂಟು, ಭೇದಿಯಾಗುವುದೂ ಉಂಟು. ಎರಡನ್ನೂ ಡಾಕ್ಟರರಿಗೆ ಹೇಳಿರಿ.

ಎರಡು ವಾರ ದಾಟಿದ ಮೇಲೆ ಕೂದಲು ಹೆಣಿಗೆಯಲ್ಲಿ ಕಟ್ಟುಕಟ್ಟಾಗಿ ಬಂತು. ಆ ದಿನ ನಾನು ಕನ್ನಡಿ ತಿರುಗಿಸಿಟ್ಟೆ. ಮುಂಚೆಯೇ ಗಿಡ್ಡ ಕತ್ತರಿಸಿಕೊಂಡಿದ್ದರೆ ದುಃಖ ಕಡಿಮೆಯಾಗುತ್ತಿತ್ತು. ಮನೆಯವರು ಏನೂ ಮಾತಾಡದೆ ಸಂಜೆ ಒಂದು ಹತ್ತಿಯ ವಸ್ತ್ರ ತಂದು ತಲೆಗೆ ಕಟ್ಟಿದರು. ಗಂಡಸರೇ, ನಿಮಗೆ ಬೇರೆ ಸಮಾಧಾನದ ಮಾತು ಬಾರದಿದ್ದರೆ ಇಷ್ಟು ಮಾಡಿರಿ, ಸಾಕು. ಔಷಧ ಮುಗಿದ ಕೆಲವು ತಿಂಗಳಿಗೆ ಕೂದಲು ಮತ್ತೆ ಬಂತು, ನೋಡಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿರಿ.

ಔಷಧ ಕೊಟ್ಟ ಒಂದು ವಾರದಿಂದ ಎರಡು ವಾರದ ನಡುವೆ ರಕ್ತದ ಬಿಳಿಕಣಗಳು ಬಹಳ ಕೆಳಗಿಳಿಯುತ್ತವೆ. ಮನೆಗೆ ಕಾವಲುಗಾರ ಇಲ್ಲದಂತೆ ದೇಹ ಇರುತ್ತದೆ. ನನಗೆ ಹತ್ತನೆಯ ರಾತ್ರಿ ಚಳಿ ಬಂತು, ಮೈ ಬಿಸಿಯಾಯಿತು. "ದಣಿವಿನ ಜ್ವರ, ಒಂದು ಗುಳಿಗೆ ನುಂಗಿ ಮಲಗು, ಬೆಳಿಗ್ಗೆ ನೋಡೋಣ" ಎಂದುಕೊಂಡೆವು. ಗುಳಿಗೆಯಿಂದ ಮೈ ತಣ್ಣಗಾಯಿತು, ನಾವು ಮೋಸಹೋದೆವು. ಬೆಳಗಿನ ಜಾವ ನನಗೆ ಎಚ್ಚರವೇ ಸರಿಯಾಗಿರಲಿಲ್ಲ. ಪಕ್ಕದ ಮನೆಯ ಅಣ್ಣ ಟೆಂಪೋ ತೆಗೆದು ಮಿರಜಿಗೆ ಒಯ್ದರು. "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು. ಐದು ದಿನ ಇಂಜೆಕ್ಷನ್ ಕೊಟ್ಟು ಉಳಿಸಿದರು.

ಆದುದರಿಂದ ಕೀಮೋ ನಡೆದ ಮನೆಯಲ್ಲಿ ಥರ್ಮಾಮೀಟರು ಇರಲೇಬೇಕು. ಜ್ವರ 100.4 ಡಿಗ್ರಿ ತೋರಿಸಿದರೆ, ಅಥವಾ ಮೈ ನಡುಗುವ ಚಳಿ ಬಂದರೆ, ನಡುರಾತ್ರಿಯಾದರೂ ಹೊರಡಿರಿ. ಡಾಕ್ಟರರನ್ನು ಕೇಳದೆ ಜ್ವರದ ಗುಳಿಗೆ ನುಂಗಬೇಡಿರಿ; ಅದು ಜ್ವರವನ್ನು ಮುಚ್ಚಿಡುತ್ತದೆ, ಸೋಂಕನ್ನು ತೆಗೆಯುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮೊದಲನೆಯ ಮಾತೇ "ಇವರಿಗೆ ಕೀಮೋ ನಡೆದಿದೆ, ಜ್ವರ ಬಂದಿದೆ" ಎಂದಿರಲಿ. ರಕ್ತ ಸೋರಿದರೆ, ದಿನವಿಡೀ ನೀರೂ ನಿಲ್ಲದಿದ್ದರೆ, ಭೇದಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಕೂಡ ಹಾಗೆಯೇ ಓಡಿರಿ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಿರಿ, ಅದಕ್ಕಾಗಿ ತಡಮಾಡಬೇಡಿರಿ. ಘಟ್ಟದ ಮೇಲಿನ ಕಾಫಿ ಎಸ್ಟೇಟಿನ ಲೈನುಗಳಲ್ಲಿ ಇರುವವರು ಆ ಒಂದು ವಾರ ಆಸ್ಪತ್ರೆಗೆ ಸಮೀಪದ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದು. ಇಲ್ಲವಾದರೆ ರಾತ್ರಿ ಯಾರ ಗಾಡಿ ಬರುತ್ತದೆಂದು ಹಗಲೇ ಮಾತಾಡಿಟ್ಟಿರಿ. ಆ ದಿನಗಳಲ್ಲಿ ಕಬ್ಬು ಕಡಿಯುವುದು, ಔಷಧ ಸಿಂಪಡಿಸುವುದು, ಸಗಣಿ ಬಳಿಯುವುದು ಬೇಡ. ಸಣ್ಣ ಗಾಯವೂ ದೊಡ್ಡದಾದೀತು.

ಕೊನೆಗೆ ಕೂಟದವರಿಗೆ ಒಂದು ಬೇಡಿಕೆ. ಕೂಲಿಯವನ ಮನೆಯಲ್ಲಿ ಒಬ್ಬರು ಮಲಗಿದರೆ ಇಬ್ಬರ ಪಗಾರ ನಿಲ್ಲುತ್ತದೆ. ನನ್ನ ಪಾಳಿಯ ಗೆಳತಿಯರು ಮೂವರು ಗೊತ್ತುಮಾಡಿಕೊಂಡರು. ಒಬ್ಬಳು ಮಕ್ಕಳಿಗೆ ರೊಟ್ಟಿ ಬಡಿದಳು, ಒಬ್ಬಳು ಆಸ್ಪತ್ರೆಗೆ ಜೊತೆ ಬಂದಳು, ಒಬ್ಬಳು ನೀರು ತುಂಬಿದಳು. ಮನೆಯವರ ಹಾಜರಿ ಉಳಿಯಿತು. ಯಾರೂ ದೊಡ್ಡ ಹಣ ಕೊಡಲಿಲ್ಲ, ಆದರೂ ಎಂಟೂ ಪಾಳಿ ಮುಗಿಸಿದ್ದು ಅವರಿಂದ. ನೋಡಲು ಬರುವವರು ನೆಗಡಿ, ಕೆಮ್ಮು ಇದ್ದರೆ ಬರಬೇಡಿರಿ; ಬಂದವರು ಕೈ ತೊಳೆದು ಕೂಡಿರಿ; "ಅವಳು ಹೀಗೆ ಸತ್ತಳು, ಇವಳು ಹಾಗೆ ಸತ್ತಳು" ಎಂಬ ಕಥೆ ಹೇಳಬೇಡಿರಿ.

ನಮ್ಮ ಓಣಿಯ ಆ ವೈನಿಗೆ ಇಷ್ಟು ಮಾತು ಹೇಳುವವರು ಆಗ ಯಾರೂ ಇರಲಿಲ್ಲ. ನಾಳೆ ನಿಮ್ಮ ಲೈನಿನಲ್ಲಿ, ನಿಮ್ಮ ಓಣಿಯಲ್ಲಿ ಒಬ್ಬರು ಮೊದಲನೆಯ ಕೀಮೋ ಮುಗಿಸಿ ಬಂದು, "ಇನ್ನು ನಾನು ಹೋಗುವುದಿಲ್ಲ" ಎಂದರೆ, ಅವರ ಹಾಸಿಗೆಯ ಬಳಿ ಹೋಗಿ ಕೂಡಿರಿ. ನನ್ನ ಸಂಗತಿ ಹೇಳಿರಿ. ಎರಡನೆಯ ದಿನಕ್ಕೆ ನೀವೇ ಜೊತೆಗೆ ಹೊರಡಿರಿ.