ಮಾವಿನ ಹಣ್ಣಿಗೆ ಬೆಳೆದವನ ಹೆಸರು
(ಮಾವು ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಶ್ರೀನಿವಾಸಪುರದ ಮಂಡಿಗೆ ಕಾಯಿ ಸಾಗಿಸುವ ಬೆಳೆಗಾರನ ಹೆಸರು ಮಂಡಿಯ ಚೀಟಿಯಲ್ಲಿಯೇ ಉಳಿದುಬಿಡುತ್ತದೆ. ಮುಂದೆ ಆ ಹಣ್ಣು ಯಾರ ತೋಟದ್ದೆಂದು ತಿನ್ನುವವರಿಗೆ ಗೊತ್ತಾಗುವುದಿಲ್ಲ. ಮುತುವರ್ಜಿಯಿಂದ ಬೆಳೆದವನ ಕಾಯಿಯೂ ಕಾಟಾಚಾರಕ್ಕೆ ಬೆಳೆದವನ ಕಾಯಿಯೂ ಒಂದೇ ರಾಶಿಯಲ್ಲಿ ಬೆರೆತುಹೋಗುತ್ತವೆ. ಇದನ್ನು ಸ್ವಲ್ಪಮಟ್ಟಿಗಾದರೂ ತಪ್ಪಿಸುವ ಸಾಧನ ಈಗ ತಮ್ಮೆಲ್ಲರ ಜೇಬಿನಲ್ಲಿದೆ. ಮೊಬೈಲಿನ ಮೂಲಕ ಬೆಳೆಗಾರನು ತನ್ನದೇ ಹೆಸರನ್ನು ಸಂಪಾದಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ತೋತಾಪುರಿ ಬೆಳೆದವರಿಗೆ ಈ ದಾರಿ ಅಷ್ಟಾಗಿ ಒಗ್ಗದು. ಅದು ಹೆಚ್ಚಾಗಿ ತಿರುಳಿನ ಕಾರ್ಖಾನೆಗೆ ಹೋಗುವ ಹಣ್ಣು. ಬಾದಾಮಿ, ರಸಪುರಿ, ಮಲ್ಲಿಕಾ ಬೆಳೆದವರು ಮಾತ್ರ ಗಮನವಿಟ್ಟು ಕೇಳಬೇಕು.

ತೋಟಕ್ಕೆ ಒಂದು ಹೆಸರಿಡಿ. ಹಿರಿಯರ ಹೆಸರೋ ಊರಿನ ಹೆಸರೋ ಸಾಕು, ಬಣ್ಣದ ಹೆಸರು ಬೇಡ. ಪೆಟ್ಟಿಗೆಯ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ, ಫೇಸ್‌ಬುಕ್‌ನಲ್ಲಿ ಅದೊಂದೇ ಹೆಸರಿರಲಿ. ಆದರೆ ಹಣ್ಣಿಗೆ ಬೇರೆಯವರ ಹೆಸರು ಹಾಕಬಾರದು. ನಮ್ಮ ಬಾದಾಮಿಯೂ ಕೊಂಕಣದ ಆಪೂಸೂ ಒಂದೇ ತಳಿ, ನಿಜ. ಆದರೆ ಕೊಂಕಣದ ರತ್ನಗಿರಿ, ಸಿಂಧುದುರ್ಗ, ಪಾಲ್ಘರ್, ಠಾಣೆ, ರಾಯಗಡ ಜಿಲ್ಲೆಗಳ ಆಪೂಸಿಗೆ 2018ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಕೋಲಾರದ ಹಣ್ಣನ್ನು ರತ್ನಗಿರಿಯದೆಂದು ಮಾರುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅದರಿಂದ ಬೆಳೆಯುವುದು ರತ್ನಗಿರಿಯ ಹೆಸರೇ ಹೊರತು ನಿಮ್ಮದಲ್ಲ. ಅಂಕೋಲೆಯವರು ತಮ್ಮ ಕರಿ ಇಷಾಡವನ್ನು ಅದರ ಹೆಸರಿನಿಂದಲೇ ಕರೆದು 2023ರಲ್ಲಿ ಗುರುತು ಪಡೆದರು.

ಫೋನಿನಲ್ಲಿ ತೋರಿಸುವುದು ಏನನ್ನು? ಹಣ್ಣಿನ ಚಿತ್ರವನ್ನು ಯಾರು ಬೇಕಾದರೂ ಹಾಕಬಹುದು. ಹೂ ಬಿಟ್ಟ ದಿನದಿಂದ ತೋಟವನ್ನೇ ತೋರಿಸಿ. ಹೂ ಉದುರಿದರೆ ಅದನ್ನೂ, ಆಲಿಕಲ್ಲು ಬಿದ್ದರೆ ಅದನ್ನೂ ತೋರಿಸಿ. ತುದಿಗೆ ಬಲೆ ಕಟ್ಟಿದ ಕೋಲಿನಿಂದ ತೊಟ್ಟು ಸಮೇತ ಕಾಯಿ ಕೀಳುವುದು, ಸೊನೆ ಸಿಪ್ಪೆಗೆ ತಾಗದಂತೆ ಬಸಿಯುವುದು, ಹುಲ್ಲಿನಲ್ಲಿ ಹಣ್ಣಿಗಿಡುವುದು ಇವೆಲ್ಲ ಪೇಟೆಯವರು ಕಾಣದ ಕೆಲಸಗಳು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಮಾಗಿಸುವುದು ನಿಷೇಧಿತವೆಂದು ತಮಗೆ ಗೊತ್ತೇ ಇದೆ. ಎಥಿಲೀನ್ ಅನಿಲವನ್ನು 100 ಪಿ.ಪಿ.ಎಂ. ವರೆಗೆ ಬಳಸಲು ಅವಕಾಶವಿದೆ. ಬಳಸಿದ್ದರೆ ಬಳಸಿದ್ದೇವೆಂದೇ ಹೇಳಿ. ಪ್ರಮಾಣಪತ್ರವಿಲ್ಲದೆ ಸಾವಯವವೆಂಬ ಮಾತನ್ನು ಮಾತ್ರ ಆಡಬೇಡಿ.

ಇನ್ನು ಬಾದಾಮಿಯ ದೊಡ್ಡ ತೊಡಕಿಗೆ ಬರೋಣ. ಹೊರಗಿನಿಂದ ಚಿನ್ನದಂತಿರುವ ಹಣ್ಣು ಕೊಯ್ದಾಗ ಒಳಗೆ ಬಿಳಿಚಿಕೊಂಡು, ಸ್ಪಂಜಿನಂತಾಗಿ, ಹುಳಿಯಾಗಿರುತ್ತದೆ. ಹೊರಗಿನಿಂದ ನೋಡಿ ಇದನ್ನು ಪತ್ತೆ ಹಚ್ಚಲಾಗದು. ಕಾಯಿಯನ್ನು ಮರದಲ್ಲಿ ಹೆಚ್ಚು ದಿನ ಬಿಟ್ಟಷ್ಟೂ ದೋಷ ಹೆಚ್ಚುತ್ತದೆ, ಆದ್ದರಿಂದ ಬಲಿತೊಡನೆ ಕೀಳಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದರ ತಡೆಗೆ ಅರ್ಕಾ ಸಾಕ ನಿವಾರಕವೆಂಬ ದ್ರಾವಣವನ್ನು ಹೊರತಂದಿದ್ದಾರೆ. ಆದರೂ ಅಲ್ಲೊಂದು ಇಲ್ಲೊಂದು ಹಣ್ಣು ಕೆಟ್ಟೇ ಕೆಡುತ್ತದೆ. ಮಂಡಿಯಲ್ಲಾದರೆ ಅದು ಯಾರ ತಲೆಗೂ ಬರುವುದಿಲ್ಲ. ಹೆಸರು ಹಾಕಿ ಕಳಿಸಿದಾಗ ಗಿರಾಕಿ ಆ ಹೋಳಿನ ಚಿತ್ರವನ್ನು ನಿಮ್ಮ ಹೆಸರಿನ ಕೆಳಗೇ ಹಾಕುತ್ತಾನೆ, ನೂರಾರು ಜನ ನೋಡುತ್ತಾರೆ. ಆಗ ಚಿತ್ರವನ್ನು ಅಳಿಸಬಾರದು, ಜಗಳಕ್ಕೂ ಹೋಗಬಾರದು. ಅದೇ ದಿನ ಉತ್ತರ ಕೊಟ್ಟು, ದೋಷದ ಕಾರಣ ತಿಳಿಸಿ, ಕೆಟ್ಟಷ್ಟು ಹಣ್ಣಿಗೆ ಹಣವನ್ನೋ ಹಣ್ಣನ್ನೋ ಹಿಂದಿರುಗಿಸಬೇಕು. ಇನ್ನೂ ಉತ್ತಮವೆಂದರೆ, ಪೆಟ್ಟಿಗೆಯೊಳಗೆ ಇಡುವ ಚೀಟಿಯಲ್ಲಿಯೇ ಹೀಗಾಗಬಹುದೆಂದು ಮುಂಚಿತವಾಗಿ ಬರೆದಿಡುವುದು. ನಷ್ಟವಾಗುತ್ತದೆಯೆಂದು ಕೆಲವರು ಅಂಜುತ್ತಾರೆ. ಹಿಂದಿರುಗಿಸಿದ ಹಣದ ಲೆಕ್ಕವನ್ನು ಹಂಗಾಮಿನ ಕೊನೆಗೆ ನೋಡಿ, ದಲ್ಲಾಳಿ ಹಿಡಿದ ಹಣದೊಡನೆ ಹೋಲಿಸಿ ತಾವೇ ತೀರ್ಮಾನಿಸಿ.

ಕಳಿಸುವ ಏರ್ಪಾಡಿಲ್ಲದೆ ಹೆಸರು ಮಾಡಿ ಫಲವಿಲ್ಲ. ರಾಜ್ಯ ಮಾವು ಅಭಿವೃದ್ಧಿ ನಿಗಮವು ಅಂಚೆ ಇಲಾಖೆಯೊಡನೆ ಸೇರಿ 2019ರಿಂದ ಬೆಂಗಳೂರಿನ ಮನೆಗಳಿಗೆ ಹಣ್ಣಿನ ಪೆಟ್ಟಿಗೆ ತಲುಪಿಸುವ ವ್ಯವಸ್ಥೆ ಆರಂಭಿಸಿತು. ಆ ಮಾದರಿಯನ್ನು ನೋಡಿಕೊಳ್ಳಿ. ಉಪ್ಪಿನಕಾಯಿ, ಮಾಂಬಳ ಮಾಡಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ವ್ಯಾಪಾರ ಕುದುರಿದ ಮೇಲೆ ತೋಟದ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು, ಅದು 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಿಕೊಳ್ಳಬಹುದು.

ಎರಡು ಎಚ್ಚರಿಕೆಗಳಿವೆ. ನಮಗೆ ಹಣ ಬರುವಾಗ ಫೋನಿನಲ್ಲಿ ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ, ಒತ್ತಿ ಎಂದವನು ಮೋಸಗಾರನೇ. ಮತ್ತೊಂದು, ಪೇಟೆಯಲ್ಲಿರುವ ಮಗನೋ ಅಳಿಯನೋ ತನ್ನ ನಂಬರಿನಲ್ಲಿ ಖಾತೆ ತೆರೆದುಕೊಟ್ಟಿದ್ದರೆ ಅದನ್ನು ತೋಟದ ನಂಬರಿಗೆ ಬದಲಿಸಿಕೊಳ್ಳಿ. ನಂಬರು ಹೋದರೆ ಗಿರಾಕಿಗಳೂ ಹೋಗುತ್ತಾರೆ.

ಮೊದಲ ವರ್ಷ ಇಡೀ ತೋಟವನ್ನು ಇದಕ್ಕೆ ಒಡ್ಡಬೇಡಿ. ನಾಲ್ಕು ಒಳ್ಳೆಯ ಬಾದಾಮಿ ಮರಗಳನ್ನು ಗುರುತು ಮಾಡಿಟ್ಟು, ಉಳಿದದ್ದನ್ನು ಎಂದಿನಂತೆ ಮಂಡಿಗೆ ಹಾಕಿ. ಕೊಂಡವರ ಹೆಸರು, ದಿನಾಂಕ, ಯಾವ ಮರದ ಹಣ್ಣು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ದೂರು ಬಂದಾಗ ಯಾವ ಮರದ ಕಾಯಿಯನ್ನು ಇನ್ನೂ ಮೊದಲೇ ಕೀಳಬೇಕಾಗಿತ್ತೆಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.